ಉಸಿರು ಎಣಿಸುವ ಊರುಗಳು

ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಹೊರಟ ರೈಲು ಅರಸೀಕೆರೆ, ಬಾಣಾವರಗಳನ್ನು ಹಿಂದೆ ಹಾಕಿದ ಮೇಲೆ ಸಾಲು ತೆಂಗಿನ ತೋಟಗಳ ನಡುವೆ ಕಡೂರು ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಬೀರೂರು ಕೂಗಳತೆಯ ದೂರ. ಬೀರೂರು ಜಂಕ್ಷನ್ನಿನಲ್ಲಿ ಹಳಿ ಎರಡಾಗಿ ಒಡೆಯುತ್ತದೆ. ಒಂದು ಅಜ್ಜಂಪುರ, ಶಿವನಿಯ ಮೇಲೆ ದಾವಣಗೆರೆಯ ಬಯಲಿಗೆ; ಇನ್ನೊಂದು ತರೀಕೆರೆ, ಭದ್ರಾವತಿಯ ಮೇಲೆ ಶಿವಮೊಗ್ಗದ ಹಸಿರಿಗೆ. ಹೀಗೆ ಒಂದೇ ಜಿಲ್ಲೆಯ ಮೂರು ನೆರೆಯ ತಾಲ್ಲೂಕುಗಳು ಮೂರು ಬಗೆಯ ನೆಲಗಳಾಗಿ ಬಿಚ್ಚಿಕೊಳ್ಳುತ್ತವೆ. ಕಡೂರಿನದು ಮಳೆಯ ದಾರಿ ಕಾಯುವ ಬಯಲುಸೀಮೆ. ಅಜ್ಜಂಪುರದ್ದು ಈರುಳ್ಳಿ ಬೆಳೆಯುವ ಕಪ್ಪು ನೆಲ. ತರೀಕೆರೆಯದು ಬಾಬಾಬುಡನ್ ಗಿರಿಶ್ರೇಣಿಗೆ ಬೆನ್ನು ಕೊಟ್ಟು ಕುಳಿತ ಅರೆ ಮಲೆನಾಡು.

ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಪ್ರವಾಸಿಗರ ಕಣ್ಣು ಹೋಗುವುದು ಕಾಫಿ ತೋಟಗಳ ಕಡೆಗೆ. ಆದರೆ 1947ರವರೆಗೂ ಈ ಜಿಲ್ಲೆಗೆ ಇದ್ದ ಹೆಸರು ಕಡೂರು. ಜಿಲ್ಲಾ ಕೇಂದ್ರ 1865ರಲ್ಲೇ ಚಿಕ್ಕಮಗಳೂರಿಗೆ ಹೋಗಿದ್ದರೂ ಹೆಸರು ಮಾತ್ರ ಬಯಲುಸೀಮೆಯ ಈ ಊರಿನದೇ ಉಳಿದಿತ್ತು. ಈಗ ಹೆಸರೂ ಹೋಗಿದೆ, ಪ್ರವಾಸಿಗರೂ ಇಲ್ಲಿ ನಿಲ್ಲುವುದಿಲ್ಲ. ನಿಂತು ನೋಡಿದವರಿಗೆ ಮಾತ್ರ ಕಾಣುವ ಒಂದು ಸಂಗತಿ ಈ ಮೂರೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಇದೆ. ಗುಲಾಬಿ ಬಣ್ಣದ ಸೀರೆಯುಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಮನೆಯಿಂದ ಮನೆಗೆ ನಡೆಯುವ ಹೆಣ್ಣುಮಗಳು. ಊರಿನವರು ಅವಳನ್ನು ಕರೆಯುವುದು ಒಂದೇ ಹೆಸರಿನಿಂದ: ಆಶಾ.

ಚೀಲದೊಳಗೆ ಏನಿದೆ?

ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ 2005ರ ಏಪ್ರಿಲ್‌ನಲ್ಲಿ ಆರಂಭವಾದಾಗ ಸುಮಾರು ಸಾವಿರ ಜನಕ್ಕೆ ಒಬ್ಬಳಂತೆ ಆಯಾ ಊರಿನ ಹೆಣ್ಣುಮಗಳನ್ನೇ ಆರೋಗ್ಯ ಕಾರ್ಯಕರ್ತೆಯಾಗಿ ಆರಿಸುವ ಕ್ರಮ ಬಂತು. ಆಕೆ ವೈದ್ಯಳಲ್ಲ, ದಾದಿಯೂ ಅಲ್ಲ. ಎಂಟನೆಯ ಇಲ್ಲವೇ ಹತ್ತನೆಯ ತರಗತಿಯವರೆಗೆ ಓದಿ, ಅದೇ ಊರಿಗೆ ಸೊಸೆಯಾಗಿ ಬಂದವಳು. 2011ರಿಂದ ಅವಳ ಕೆಲಸಕ್ಕೆ ಇನ್ನೊಂದು ಹೊಣೆ ಸೇರಿತು. ಅದು ಹಸುಳೆಯನ್ನು ಮನೆಗೇ ಹೋಗಿ ನೋಡುವುದು. ಆಸ್ಪತ್ರೆಯಲ್ಲಿ ಹುಟ್ಟಿ ಮನೆಗೆ ಬಂದ ಮಗುವನ್ನು 3, 7, 14, 21, 28 ಮತ್ತು 42ನೆಯ ದಿನಗಳಂದು ಆಕೆ ತಪ್ಪದೆ ನೋಡಬೇಕು. 2018ರಲ್ಲಿ ಇದಕ್ಕೆ ಮೂರನೆಯ ತಿಂಗಳಿನಿಂದ ಹದಿನೈದನೆಯ ತಿಂಗಳವರೆಗೆ ಮೂರು ತಿಂಗಳಿಗೊಮ್ಮೆ ಹೋಗುವ ಐದು ಭೇಟಿಗಳೂ ಸೇರಿಕೊಂಡವು.

ಈ ಭೇಟಿಗಳಿಗಾಗಿ ಅವಳ ಚೀಲದಲ್ಲಿರುವ ಸಾಮಾನುಗಳನ್ನು ಕಂಡರೆ ಪಟ್ಟಣದವರು ನಕ್ಕಾರು. ಒಂದು ಡಿಜಿಟಲ್ ಥರ್ಮಾಮೀಟರ್. ಮಗುವನ್ನು ಜೋಳಿಗೆಯಲ್ಲಿ ಮಲಗಿಸಿ ತೂಗುವ ಸ್ಪ್ರಿಂಗ್ ತಕ್ಕಡಿ. ಸೆಕೆಂಡು ತೋರಿಸುವ ಗಡಿಯಾರ. ಒಂದು ಪುಟ್ಟ ಕಂಬಳಿ, ಒಂದು ಚಮಚ. ಇವುಗಳ ಜೊತೆಗೆ ತೋಳಿನ ಸುತ್ತಳತೆ ಅಳೆಯುವ, ಕೆಂಪು, ಹಳದಿ, ಹಸಿರು ಪಟ್ಟೆಗಳಿರುವ ಒಂದು ಟೇಪು.

ಆದರೆ ಒಂದೊಂದು ಸಾಮಾನಿನ ಹಿಂದೆಯೂ ಒಂದು ಪ್ರಶ್ನೆ ಇದೆ. ಕಂಕುಳಲ್ಲಿಟ್ಟ ಥರ್ಮಾಮೀಟರ್ ಜ್ವರವನ್ನಷ್ಟೇ ಹುಡುಕುವುದಿಲ್ಲ. ಎಳೆಗೂಸಿಗೆ ಮೈ ಬಿಸಿಯಾಗುವುದಕ್ಕಿಂತ ತಣ್ಣಗಾಗುವುದು ಎಷ್ಟೋ ಸಲ ಹೆಚ್ಚು ಅಪಾಯ. 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಕ್ಷೇಮ, ಅದರಿಂದ ಕೆಳಗಿಳಿದರೆ ಮಗುವನ್ನು ತಾಯಿಯ ಎದೆಗೆ ಅವುಚಿ ಬೆಚ್ಚಗಿಡಬೇಕು. ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಗಿದ ಮಗುವಿಗೆ ಹೆಚ್ಚು ಕಾವಲು ಬೇಕೆಂದು ತಕ್ಕಡಿ ಹೇಳುತ್ತದೆ. ಆರು ತಿಂಗಳು ದಾಟಿದ, ಐದು ವರ್ಷ ತುಂಬದ ಮಗುವಿನ ತೋಳಿಗೆ ಟೇಪು ಸುತ್ತಿದಾಗ ಸುತ್ತಳತೆ 12.5 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಹಸಿರು. 11.5ಕ್ಕಿಂತ ಕೆಳಗಿಳಿದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಅಂಕಿ ಓದಲು ಬಾರದ ಅಜ್ಜಿಗೂ ಕೆಂಪು ಯಾವುದು, ಹಸಿರು ಯಾವುದು ಎಂದು ತಿಳಿಯುತ್ತದೆ!

ಇವುಗಳಲ್ಲಿ ಎಲ್ಲಕ್ಕಿಂತ ಸಾಧಾರಣವಾಗಿ ಕಾಣುವುದು ಗಡಿಯಾರ. ಎಲ್ಲಕ್ಕಿಂತ ಹೆಚ್ಚು ತುರ್ತಿನ ಕೆಲಸ ಮಾಡುವುದೂ ಅದೇ.

ಕಡೂರು: ಒಂದು ನಿಮಿಷದ ಲೆಕ್ಕ

ವೇದಾವತಿ ಹರಿಯುವ ಊರಾದರೂ ಕಡೂರಿಗೆ ನೀರಿನ ಭಾಗ್ಯ ಕಡಿಮೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಎಮ್ಮೆದೊಡ್ಡಿಯ ಕಡೆಯ ಮದಗದ ಕೆರೆ ತುಂಬಿದರೆ ಸೀಮೆಗೆ ಹಬ್ಬ. ಯಗಟಿ, ಹಿರೇನಲ್ಲೂರು, ಪಂಚನಹಳ್ಳಿ, ಸಿಂಗಟಗೆರೆಯ ಕಡೆ ರಾಗಿ ಮತ್ತು ತೆಂಗು ಜನರ ಜೀವನಾಧಾರ. ತೆಂಗಿನ ಸೀಮೆಯಲ್ಲಿ ಒಲೆಗೆ ಗರಿ, ಮಟ್ಟೆ, ಚಿಪ್ಪು ಯಾವುದಕ್ಕೂ ಬರವಿಲ್ಲ. ಗ್ಯಾಸ್ ಸಿಲಿಂಡರ್ ಬಂದ ಮೇಲೂ ನೀರು ಕಾಯಿಸಲು, ಮುದ್ದೆ ತೊಳೆಸಲು ಸೌದೆ ಒಲೆ ಹಚ್ಚುವ ಮನೆಗಳುಂಟು. ಬಾಣಂತಿ, ಮಗು ಬೆಚ್ಚಗಿರಲೆಂದು ಕಿಟಕಿ ಮುಚ್ಚಿದ ಕೋಣೆಗೆ ಆ ಹೊಗೆ ನುಗ್ಗುತ್ತದೆ. ಮಕ್ಕಳ ಶ್ವಾಸಕೋಶಕ್ಕೆ ಹೊಗೆ ಎಷ್ಟು ಕೆಟ್ಟದ್ದೆಂದು ವೈದ್ಯರು ಹೇಳುತ್ತಲೇ ಬಂದಿದ್ದಾರೆ.

ಮಗುವಿಗೆ ಕೆಮ್ಮು ಬಂತೆನ್ನಿ. ಕೆಮ್ಮು, ನೆಗಡಿ ಬಾರದ ಮಗು ಯಾವುದಿದೆ? ನೂರು ಕೆಮ್ಮುಗಳಲ್ಲಿ ಬಹುಪಾಲು ತಾವಾಗಿಯೇ ಹೋಗುತ್ತವೆ. ಕೆಲವು ಮಾತ್ರ ಎದೆಗಿಳಿದು ನ್ಯುಮೋನಿಯಾ ಆಗುತ್ತವೆ. ಆ ಕೆಲವನ್ನು ಆರಿಸುವುದು ಹೇಗೆ? ಹಳ್ಳಿಯಲ್ಲಿ ಎಕ್ಸ್‌ರೇ ಇಲ್ಲ. ಸ್ಟೆಥಾಸ್ಕೋಪ್ ಹಿಡಿದು ಎದೆಯ ಸದ್ದು ಕೇಳಿ ಅರ್ಥ ಮಾಡಿಕೊಳ್ಳಲು ವರ್ಷಗಳ ಅಭ್ಯಾಸ ಬೇಕು. ಆದರೆ ಉಸಿರನ್ನು ಎಣಿಸಲು ಕಣ್ಣು, ಗಡಿಯಾರ ಮತ್ತು ತಾಳ್ಮೆ ಇದ್ದರೆ ಸಾಕು.

ಇದರ ಹಿಂದಿನ ಕಾರಣ ಶಾಲೆಯ ಮಕ್ಕಳಿಗೂ ತಿಳಿಯುವಂಥದು. ಶ್ವಾಸಕೋಶದಲ್ಲಿರುವ ಪುಟ್ಟ ಪುಟ್ಟ ಗಾಳಿಚೀಲಗಳಲ್ಲಿ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಸೋಂಕು ತಗುಲಿದಾಗ ಆ ಚೀಲಗಳಲ್ಲಿ ಕೀವು, ನೀರು ತುಂಬುತ್ತದೆ. ಶ್ವಾಸಕೋಶ ಬಿಗಿಯಾಗುತ್ತದೆ. ಒಂದು ಉಸಿರಿನಲ್ಲಿ ಸಿಗುವ ಗಾಳಿ ಸಾಲದಾದಾಗ ದೇಹ ಉಸಿರುಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಅದಕ್ಕೇ ಈ ಲೆಕ್ಕ: ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗು 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗು 40 ಅಥವಾ ಹೆಚ್ಚು ಸಲ ಉಸಿರಾಡಿದರೆ ಅದು ವೇಗದ ಉಸಿರು. ಕೆಮ್ಮಿನ ಜೊತೆ ವೇಗದ ಉಸಿರು ಕಂಡರೆ ನ್ಯುಮೋನಿಯಾ ಎಂದೇ ತಿಳಿದು ಚಿಕಿತ್ಸೆ ಕೊಡಿಸಬೇಕು.

ಹೇಳಲು ಸುಲಭ, ಮಾಡಲು ಕಷ್ಟ. ಅತ್ತರೆ ಲೆಕ್ಕ ಕೆಟ್ಟಿತು, ಹಾಲು ಕುಡಿಯುತ್ತಿದ್ದರೂ ಕೆಟ್ಟಿತು. ಮಗು ತಾಯಿಯ ಮಡಿಲಲ್ಲಿ ಶಾಂತವಾಗಿರಬೇಕು. ಅಂಗಿಯನ್ನು ಮೇಲಕ್ಕೆ ಸರಿಸಿ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ನೋಡಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಜಾಣತನ ಇಲ್ಲಿ ಸಲ್ಲದು, ಮಕ್ಕಳ ಉಸಿರು ಒಂದೇ ಸಮನೆ ಓಡುವುದಿಲ್ಲ. ನಡುವೆ ಲೆಕ್ಕ ತಪ್ಪಿದರೆ ಮೊದಲಿನಿಂದ. ಜೊತೆಗೆ ಇನ್ನೊಂದನ್ನೂ ನೋಡಬೇಕು. ಉಸಿರು ಒಳಗೆಳೆದಾಗ ಎದೆಯ ಕೆಳಭಾಗ ಹೊರಗೆ ಉಬ್ಬುವ ಬದಲು ಒಳಗೆ ಕುಸಿಯುತ್ತಿದೆಯೇ? ಹಳ್ಳಿಯವರು ಇದನ್ನು ‘ಪಕ್ಕೆ ಸೆಳೆತ’ ಎನ್ನುತ್ತಾರೆ. ಹಿಂದೆ ಕರ್ನಾಟಕದ ಹಲವೆಡೆ ಇಂಥ ಮಗುವಿನ ಹೊಟ್ಟೆಗೆ ಬರೆ ಹಾಕಿಸುತ್ತಿದ್ದರು. ಆ ರೋಗವನ್ನು ಕಣ್ಣು ಗುರುತಿಸಿತ್ತು, ಆದರೆ ಮದ್ದು ಗೊತ್ತಿರಲಿಲ್ಲ!

ಈ ಲೆಕ್ಕ ಬಂದದ್ದು ಎಲ್ಲಿಂದ?

ಕಡೂರಿನ ಹಟ್ಟಿಯಲ್ಲಿ ಇಂದು ನಡೆಯುವ ಈ ಎಣಿಕೆಯ ಬೇರು ಬಹು ದೂರದ ಪಪುವಾ ನ್ಯೂಗಿನಿಯ ಬೆಟ್ಟಗಳಲ್ಲಿದೆ. ಅಲ್ಲಿನ ಗೊರೋಕಾ ಎಂಬ ಊರಿನ ಆಸ್ಪತ್ರೆಯಲ್ಲಿದ್ದ ಆಸ್ಟ್ರೇಲಿಯಾದ ಮಕ್ಕಳ ವೈದ್ಯ ಫ್ರಾಂಕ್ ಶಾನ್ ಮತ್ತು ಜೊತೆಗಾರರು, ಎಕ್ಸ್‌ರೇ ಇಲ್ಲದ ಕಡೆ ನ್ಯುಮೋನಿಯಾವನ್ನು ಗುರುತಿಸಲು ಉಸಿರಿನ ವೇಗ ಮತ್ತು ಎದೆಯ ಸೆಳೆತ ಎರಡೇ ಬಹುಮಟ್ಟಿಗೆ ಸಾಕೆಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಗತ್ತಿಗೆಲ್ಲ ಹರಡಿತು.

ಅದನ್ನು ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಕೊಟ್ಟು ಪರೀಕ್ಷಿಸಿದ್ದು ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 1986ರಲ್ಲಿ ‘ಸರ್ಚ್’ ಸಂಸ್ಥೆ ಕಟ್ಟಿದರು. ಕಾಡಂಚಿನ ಆ ಹಳ್ಳಿಗಳಲ್ಲಿ ಮಕ್ಕಳು ನ್ಯುಮೋನಿಯಾದಿಂದ ಸಾಯುತ್ತಿದ್ದರು. ಸೂಲಗಿತ್ತಿಯರಿಗೆ ಐವತ್ತರವರೆಗೆ ಎಣಿಸಲು ಬರುತ್ತಿರಲಿಲ್ಲ. ಹಾಗೆಂದು ಕೈ ಕಟ್ಟಿ ಕುಳಿತುಕೊಳ್ಳದೆ, ಒಂದು ನಿಮಿಷದ ಮರಳು ಗಡಿಯಾರ ಮತ್ತು ಪೋಣಿಸಿದ ಮಣಿಗಳನ್ನು ಕೂಡಿಸಿ ಒಂದು ಸಾಧನ ಮಾಡಿದರು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಮರಳು ಮುಗಿಯುವ ಮೊದಲು ಕೆಂಪು ಮಣಿ ಬಂದರೆ ಮಗುವಿಗೆ ಔಷಧ ಬೇಕು! ಈ ಪ್ರಯೋಗದಿಂದ ಮಕ್ಕಳ ಸಾವು ಇಳಿದ ವಿವರ 1990ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1999ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಅವರ ಇನ್ನೊಂದು ಅಧ್ಯಯನ, 39 ಹಳ್ಳಿಗಳಲ್ಲಿ ಎಳೆಗೂಸುಗಳನ್ನು ಮನೆಯಲ್ಲೇ ಆರೈಕೆ ಮಾಡಿದ್ದರಿಂದ ನವಜಾತ ಶಿಶುಗಳ ಸಾವಿನ ಪ್ರಮಾಣ ಮೂರನೆಯ ವರ್ಷಕ್ಕೆ ಶೇಕಡಾ 62ರಷ್ಟು ತಗ್ಗಿತೆಂದು ತಿಳಿಸಿತು. ಇಂದು ಆಶಾ ಕಾರ್ಯಕರ್ತೆ 3ನೆಯ ದಿನ, 7ನೆಯ ದಿನ ಎಂದು ಮನೆಗೆ ಹೋಗುವ ಕ್ರಮದ ಹಿಂದೆ ಈ ಅನುಭವವಿದೆ.

ಅಜ್ಜಂಪುರ: ಬೆರಳಿಗೆ ಹಿಡಿದ ಬೆಳಕು

ಬೀರೂರಿನಿಂದ ಬಲಕ್ಕೆ ಸರಿದ ಹಳಿಯ ಮೇಲೆ ಅಜ್ಜಂಪುರ ಸಿಗುತ್ತದೆ. ಬಹುಕಾಲ ತರೀಕೆರೆಯ ಭಾಗವಾಗಿದ್ದು ಇತ್ತೀಚಿನ ವರ್ಷಗಳಲ್ಲಿ ತಾನೇ ಒಂದು ತಾಲ್ಲೂಕಾದ ಊರು ಇದು. ಮೈಸೂರು ಅರಸರ ಕಾಲದಿಂದ ಹೆಸರಾದ, ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಫಿರಂಗಿ ಎಳೆದ ಅಮೃತಮಹಲ್ ರಾಸುಗಳ ತಳಿ ಸಂವರ್ಧನಾ ಕೇಂದ್ರ ಇಲ್ಲಿದೆ. ದನಕರುಗಳ ನಡುವೆ ಬೆಳೆದವರಿಗೆ ಉಸಿರಿನ ಭಾಷೆ ಹೊಸದಲ್ಲ. ಕರು ಮೇವು ಬಿಟ್ಟು ನಿಂತರೆ ಮೊದಲು ಅದರ ಪಕ್ಕೆಯ ಬಡಿತ ನೋಡುವುದು ಗೋವಳರ ರೂಢಿ. ಅದೇ ಕಣ್ಣು ಮನೆಯ ಕೂಸಿನ ಕಡೆಗೂ ತಿರುಗಬೇಕಾಗಿದೆ, ಅಷ್ಟೇ.

ಅಜ್ಜಂಪುರದ ಕಪ್ಪು ನೆಲಕ್ಕೆ ಒಂದು ಗುಣವಿದೆ. ಬೇಸಿಗೆಯಲ್ಲಿ ಕಲ್ಲಿನಂತೆ ಬಿರಿಯುವುದು, ಮಳೆ ಬಂತೆಂದರೆ ಅಂಟಿನಂತೆ ಕಾಲು ಹಿಡಿಯುವುದು. ಈರುಳ್ಳಿ ಕೀಳುವ ಕಾಲದಲ್ಲಿ ಹೊಲದಿಂದ ಒಬ್ಬರು ಎದ್ದು ಮಗುವನ್ನು ಆಸ್ಪತ್ರೆಗೆ ಕರೆದೊಯ್ದರೆ ಆ ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬಂತು. ‘ನಾಳೆ ನೋಡೋಣ’ ಎಂಬ ಮಾತು ಹುಟ್ಟುವುದು ನಿರ್ಲಕ್ಷ್ಯದಿಂದಲ್ಲ, ಈ ಲೆಕ್ಕಾಚಾರದಿಂದ. ಅತ್ತೆ ‘ದೃಷ್ಟಿಯಾಗಿದೆ’ ಎನ್ನಬಹುದು, ಅಪ್ಪ ‘ಬರೀ ಶೀತ’ ಎನ್ನಬಹುದು, ತಾಯಿಯ ಮನಸ್ಸು ಏನೋ ಸರಿಯಿಲ್ಲ ಎನ್ನುತ್ತಿರಬಹುದು. ಇಂಥ ಮನೆಯ ಪಡಸಾಲೆಯಲ್ಲಿ ಅಂಕಿಗೆ ಬೆಲೆ ಬರುತ್ತದೆ. ‘ಅರವತ್ತೆರಡು ಸಲ ಉಸಿರಾಡಿತು, ಐವತ್ತು ದಾಟಬಾರದಿತ್ತು’ ಎಂದು ಆಶಾ ಹೇಳಿದಾಗ ವಾದ ಮುಗಿಯುತ್ತದೆ. ಉಪಕರಣದ ದೊಡ್ಡ ಉಪಕಾರ ಇದು. ರೋಗವನ್ನು ಅದು ವಾಸಿ ಮಾಡುವುದಿಲ್ಲ, ‘ಹೋಗೋಣವೋ ಬೇಡವೋ’ ಎಂದು ಕಳೆದುಹೋಗುವ ಹೊತ್ತನ್ನು ಉಳಿಸಿಕೊಡುತ್ತದೆ.

ಇನ್ನೂ ಖಚಿತವಾದ ಅಂಕಿ ಕೊಡುವ ಸಾಧನ ಪಲ್ಸ್ ಆಕ್ಸಿಮೀಟರ್. 2020-21ರ ಕೋವಿಡ್ ದಿನಗಳಲ್ಲಿ ಈ ಹೆಸರು ಹಳ್ಳಿಯ ಮಕ್ಕಳ ಬಾಯಲ್ಲೂ ಆಡಿತು. ಊರಿಗೆ ಸಾಕಷ್ಟು ಆಕ್ಸಿಮೀಟರ್‌ಗಳನ್ನಿಟ್ಟು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ರೋಗಿಗಳ ಮನೆಗೆ ಎರವಲಾಗಿ ಕೊಡಬೇಕೆಂದು 2021ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸೂಚಿಸಿತ್ತು. ಅದಕ್ಕೂ ಮೊದಲೇ, 2019ರ ನವೆಂಬರ್‌ನಲ್ಲಿ ಆರಂಭವಾದ ‘ಸಾನ್ಸ್’ ಅಭಿಯಾನ ಮಕ್ಕಳ ನ್ಯುಮೋನಿಯಾಕ್ಕಾಗಿ ಈ ಸಾಧನವನ್ನು ಆರೋಗ್ಯ ಕೇಂದ್ರಗಳಿಗೆ ತಂದಿತ್ತು. ‘ಸಾನ್ಸ್’ ಎಂದರೆ ಹಿಂದಿಯಲ್ಲಿ ಉಸಿರು.

ಇದರ ಹುಟ್ಟು ಜಪಾನಿನಲ್ಲಿ. 1970ರ ದಶಕದ ಆರಂಭದಲ್ಲಿ ತಾಕುವೊ ಅಯೊಯಾಗಿ ಎಂಬ ಎಂಜಿನಿಯರ್ ಇದರ ತತ್ವವನ್ನು ಕಂಡುಹಿಡಿದರು. ಆಮ್ಲಜನಕ ತುಂಬಿದ ರಕ್ತ ಕಡುಗೆಂಪು, ಆಮ್ಲಜನಕ ಕಳೆದುಕೊಂಡ ರಕ್ತ ಮಬ್ಬುಗೆಂಪು. ಸಾಧನ ಬೆರಳಿನ ಮೂಲಕ ಎರಡು ಬೆಳಕು ಹಾಯಿಸುತ್ತದೆ. ಒಂದು ಕಣ್ಣಿಗೆ ಕಾಣುವ ಕೆಂಪು, ಇನ್ನೊಂದು ಕಾಣದ ಅವಗೆಂಪು. ಎರಡು ಬಗೆಯ ರಕ್ತ ಇವೆರಡನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುತ್ತದೆ. ನಾಡಿ ಬಡಿದಾಗಲೆಲ್ಲ ಆಗುವ ಬದಲಾವಣೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಅಪಧಮನಿಯ ರಕ್ತದ ಸ್ಥಿತಿ ತಿಳಿಯುತ್ತದೆ. ಒಂದು ಹನಿ ರಕ್ತ ತೆಗೆಯದೆಯೇ! ಕೋವಿಡ್ ಜಗತ್ತನ್ನು ಆವರಿಸಿ, ತಮ್ಮ ಸಾಧನ ಕೋಟ್ಯಂತರ ಜನರ ಬೆರಳಿಗೇರುತ್ತಿದ್ದ 2020ರ ಏಪ್ರಿಲ್‌ನಲ್ಲೇ ಅಯೊಯಾಗಿ ತೀರಿಕೊಂಡರು.

ಮಗುವಿನಲ್ಲಿ ಈ ಅಂಕಿ 90ಕ್ಕಿಂತ ಕೆಳಗಿಳಿದರೆ ತಡಮಾಡದೆ ಆಮ್ಲಜನಕ ಸಿಗುವ ಆಸ್ಪತ್ರೆಗೆ ಒಯ್ಯಬೇಕು. ಆದರೆ ಯಂತ್ರಕ್ಕೂ ಮಿತಿಗಳಿವೆ. ದೊಡ್ಡವರ ಬೆರಳಿನ ಕ್ಲಿಪ್ಪು ಹಸುಳೆಯ ಬೆರಳಿಗೆ ನಿಲ್ಲುವುದಿಲ್ಲ. ಪಾದಕ್ಕೋ ಕಾಲ್ಬೆರಳಿಗೋ ಹಿಡಿಸುವ ಮಕ್ಕಳ ಪ್ರೋಬ್ ಬೇಕು. ಕಾಲು ತಣ್ಣಗಿದ್ದರೆ, ಮಗು ಒದ್ದಾಡಿದರೆ, ಬ್ಯಾಟರಿ ಸೊರಗಿದ್ದರೆ ಅಂಕಿ ಸುಳ್ಳಾಡುತ್ತದೆ. ಕಪ್ಪು ಚರ್ಮದವರಲ್ಲಿ ಆಮ್ಲಜನಕ ನಿಜಕ್ಕೂ ಕಡಿಮೆಯಿದ್ದಾಗಲೂ ಸಾಧನ ಹೆಚ್ಚಾಗಿ ತೋರಿಸುವ ಸಂಭವ ಉಂಟೆಂದು ಅಮೆರಿಕದ ಆಸ್ಪತ್ರೆಗಳ ವಯಸ್ಕ ರೋಗಿಗಳನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಚ್ಚರಿಸಿತು. ಬಿಸಿಲಲ್ಲಿ ಬೆಂದ ನಮ್ಮ ಬಯಲುಸೀಮೆಯ ಮೈಬಣ್ಣಕ್ಕೆ ಈ ಎಚ್ಚರಿಕೆ ಪರಕೀಯವಲ್ಲ. ಅದಕ್ಕೇ ತಿಳಿದವರು ಹೇಳುವುದು: ಅಂಕಿ ಚೆನ್ನಾಗಿದ್ದು ಮಗು ಚೆನ್ನಾಗಿಲ್ಲದಿದ್ದರೆ ನಂಬಬೇಕಾದದ್ದು ಮಗುವನ್ನು.

ತರೀಕೆರೆ: ಕೈಯಿಂದ ಪಟ್ಟಿಯವರೆಗೆ

ಬೀರೂರಿನ ಇನ್ನೊಂದು ಹಳಿ ತರೀಕೆರೆಗೆ ಬಂದಾಗ ಗಾಳಿಯೇ ಬೇರೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ ಅಮೃತಾಪುರದ ಅಮೃತೇಶ್ವರ ದೇಗುಲ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಕಲ್ಹತ್ತಿಯ ಜಲಪಾತ, ಕೆಮ್ಮಣ್ಣುಗುಂಡಿಯ ತಂಪು ಎಲ್ಲ ಇದೇ ತಾಲ್ಲೂಕಿನವು. ಬೆಟ್ಟದಡಿಯ ಅಡಿಕೆ ತೋಟಗಳು, ಮೇಲೆ ಕಾಫಿ, ಅಲ್ಲಲ್ಲಿ ಲಂಬಾಣಿ ತಾಂಡಾಗಳು.

ಇಷ್ಟು ಚೆಲುವಾದ ಸೀಮೆ ಒಂದು ಕಾಲಕ್ಕೆ ಜ್ವರದ ಸೀಮೆಯಾಗಿತ್ತು. ಮಲೇರಿಯಾದಿಂದ ಮಲೆನಾಡಿನ ಜನಸಂಖ್ಯೆ ಕುಗ್ಗುತ್ತಿರುವುದು ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸರ್ಕಾರಕ್ಕೆ ದೊಡ್ಡ ಚಿಂತೆಯಾಗಿತ್ತು. ಆಗ ಮಕ್ಕಳಲ್ಲಿ ಮಲೇರಿಯಾ ಎಷ್ಟಿದೆಯೆಂದು ತಿಳಿಯಲು ವೈದ್ಯರ ಬಳಿಯಿದ್ದ ಮುಖ್ಯ ಉಪಕರಣ ಯಾವುದು ಗೊತ್ತೇ? ಅವರ ಕೈ! ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆಯ ಎಡಬದಿ ಒತ್ತಿ ನೋಡುತ್ತಿದ್ದರು. ಗುಲ್ಮ ಊದಿಕೊಂಡು ಗಡ್ಡೆಯಂತೆ ಕೈಗೆ ಸಿಕ್ಕರೆ ಆ ಮಗು ಲೆಕ್ಕಕ್ಕೆ ಸೇರಿತು. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಗಡ್ಡೆ ಇದೆ ಎಂಬುದೇ ಊರಿನ ಮಲೇರಿಯಾದ ಅಳತೆಗೋಲು. ಆಗಿನ ಕಡೂರು ಜಿಲ್ಲೆಯ ಮೂಡಿಗೆರೆಯಲ್ಲಿ ಮಲೇರಿಯಾ ಅಧ್ಯಯನ ಕೇಂದ್ರವೇ ಇತ್ತು. ಸ್ವಾತಂತ್ರ್ಯಾನಂತರ ಡಿಡಿಟಿ ಸಿಂಪಡಿಸುತ್ತಾ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದ ಮೇಲೆ ಆ ಕಾಟ ತಗ್ಗಿತು.

ಇಂದು ಆ ಕೈಯ ಜಾಗದಲ್ಲಿ ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಇದೆ. ಬೆರಳು ಚುಚ್ಚಿ ಒಂದು ಹನಿ ರಕ್ತ ಹಾಕಿದರೆ ಸುಮಾರು 15ರಿಂದ 20 ನಿಮಿಷದಲ್ಲಿ ಗೆರೆ ಮೂಡಿ ಮಲೇರಿಯಾ ಇದೆಯೋ ಇಲ್ಲವೋ ಹೇಳುತ್ತದೆ. ಮಲೇರಿಯಾ ಇರುವ ಕಡೆಗಳಲ್ಲಿ ಆಶಾ ಕಾರ್ಯಕರ್ತೆಯರಿಗೂ ಇದರ ತರಬೇತಿ ಉಂಟು. 2018ರ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮ ಹಿಮೋಗ್ಲೋಬಿನ್ ಅಳೆಯುವ ಡಿಜಿಟಲ್ ಯಂತ್ರವನ್ನು ಹಳ್ಳಿ, ಶಾಲೆಗಳತ್ತ ತಂದಿತು. ಹಿಂದೆ ಕಣ್ಣಿನ ರೆಪ್ಪೆ ಬಿಡಿಸಿ ‘ಬಿಳಿಚಿಕೊಂಡಿದೆ’ ಎನ್ನುತ್ತಿದ್ದ ಜಾಗದಲ್ಲಿ ಈಗ ಒಂದು ಅಂಕಿ. ಒಂದು ಶತಮಾನದಲ್ಲಿ ರೋಗ ತಿಳಿಯುವ ವಿದ್ಯೆ ವೈದ್ಯರ ಕೈಯಿಂದ ಹಳ್ಳಿಯ ಹೆಣ್ಣುಮಗಳ ಕೈಗೆ ನಡೆದು ಬಂದಿದೆ.

ಆದರೂ ಭಾಷೆಯ ಕೆಲಸ ಯಂತ್ರಕ್ಕೆ ಬರುವುದಿಲ್ಲ. ತಾಂಡಾದ ಅಜ್ಜಿಗೆ ಲಂಬಾಣಿಯಲ್ಲಿ, ಎಸ್ಟೇಟಿನ ಲೈನಿನಲ್ಲಿರುವ ತಮಿಳು ತಾಯಿಗೆ ತಮಿಳು ಬೆರೆತ ಕನ್ನಡದಲ್ಲಿ ‘ಈಗಲೇ ಹೊರಡಿ’ ಎಂದು ಹೇಳಬೇಕಾದವಳು ಆಶಾ. ಅಂಕಿಗೆ ಬಾಯಿಲ್ಲ.

ಅಂಕಿಗೆ ದಾರಿ ಬೇಕು

ಬಾಯಿಯಷ್ಟೇ ಅಲ್ಲ, ದಾರಿಯೂ ಬೇಕು. ಉಸಿರು ಎಣಿಸಿದ ಮೇಲೆ ಮುಂದೇನು? ‘ಸಾನ್ಸ್’ ಕ್ರಮದಲ್ಲಿ ಆಶಾ ನ್ಯುಮೋನಿಯಾದ ಲಕ್ಷಣ ಕಂಡ ಮಗುವಿಗೆ ಅಮಾಕ್ಸಿಸಿಲಿನ್ ಔಷಧದ ಮೊದಲ ಪ್ರಮಾಣ ಕೊಟ್ಟು ಆರೋಗ್ಯ ಕೇಂದ್ರಕ್ಕೆ ಕಳಿಸಬಹುದು. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅಥವಾ ಜನ ‘ಸಿಸ್ಟರ್’ ಎಂದು ಕರೆಯುವ ಸಹಾಯಕಿ ಆಕ್ಸಿಮೀಟರ್ ಹಿಡಿದು ನೋಡುತ್ತಾರೆ. ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ. ಇನ್ನೂ ಹೆಚ್ಚಿನದು ಬೇಕಾದರೆ ಕಡೂರಿನವರಿಗೆ ಸುಮಾರು 40 ಕಿ.ಮೀ. ದೂರದ ಚಿಕ್ಕಮಗಳೂರು, ತರೀಕೆರೆಯವರಿಗೆ ಹೆಚ್ಚುಕಡಿಮೆ ಅಷ್ಟೇ ದೂರದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. 2008ರಲ್ಲಿ ಬಂದ 108 ಆಂಬುಲೆನ್ಸ್ ಈ ದಾರಿಯನ್ನು ಹತ್ತಿರ ಮಾಡಿದೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ, ಅಂದರೆ ಔಷಧ ಮುಗಿದಿದ್ದರೆ, ಗಾಡಿ ತಡವಾದರೆ, ಸಿಲಿಂಡರ್ ಬರಿದಾಗಿದ್ದರೆ, ಹಟ್ಟಿಯಲ್ಲಿ ಎಣಿಸಿದ ಅರವತ್ತೆರಡಕ್ಕೆ ಅರ್ಥವಿಲ್ಲ. ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಸಾವನ್ನು 2025ರ ಹೊತ್ತಿಗೆ ಸಾವಿರ ಜನನಕ್ಕೆ ಮೂರಕ್ಕಿಂತ ಕೆಳಗಿಳಿಸುವ ಗುರಿಯನ್ನು ದೇಶ ಇಟ್ಟುಕೊಂಡಿತ್ತು. ಆ ಗುರಿ ಯಂತ್ರಗಳಿಗೆ ಇಟ್ಟದ್ದಲ್ಲ, ಈ ಇಡೀ ಸರಪಳಿಗೆ ಇಟ್ಟದ್ದು.

ಸರಪಳಿಯ ಮೊದಲ ಕೊಂಡಿಯಾದ ಆಶಾಳ ಪಾಡೇನು? ಅವಳಿಗೆ ಸಂಬಳವಿಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಮಾತ್ರ. ಮನೆಮನೆಗೆ ಹೋಗಿ ಮಾಡಿದ್ದನ್ನು ಆನ್‌ಲೈನ್‌ನಲ್ಲಿ ತುಂಬಿಸುವ ಹೊರೆ ಬೇರೆ. ಅಲ್ಲಿ ಲೆಕ್ಕ ಸಿಗದಿದ್ದರೆ ಮಾಡಿದ ಕೆಲಸಕ್ಕೆ ದುಡ್ಡಿಲ್ಲ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಾಲ್ಕು ದಿನ ಧರಣಿ ಕುಳಿತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಖಾತರಿಯ ಭರವಸೆ ಪಡೆದು ಊರಿಗೆ ಮರಳಿದರು. ಮಕ್ಕಳ ಉಸಿರು ಎಣಿಸುವವರು ತಮ್ಮ ರೂಪಾಯಿ ಎಣಿಸಲು ಬೀದಿಗೆ ಬರಬೇಕಾದುದು ವಿಚಾರ ಮಾಡಬೇಕಾದ ಸಂಗತಿ.

ಮನೆಯಲ್ಲೂ ಕಲಿಯಬಹುದಾದ ವಿದ್ಯೆ

ಉಸಿರು ಎಣಿಸಲು ಸರ್ಕಾರದ ಚೀಲ ಬೇಕಿಲ್ಲ. ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇರುವ ವಿದ್ಯಾರ್ಥಿಗಳು ಇದನ್ನು ಇಂದೇ ಕಲಿಯಬಹುದು. ಮಗು ನಿದ್ದೆಯಲ್ಲಿದ್ದಾಗ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತ ಎಣಿಸಿ ಬರೆದಿಡಬೇಕು. ಆರೋಗ್ಯವಾಗಿರುವಾಗ ಮಗುವಿನ ಉಸಿರು ಎಷ್ಟೆಂದು ತಿಳಿದಿದ್ದರೆ ಕಾಯಿಲೆ ಬಂದಾಗ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ. ಪುಸ್ತಕದಲ್ಲಿ ಓದಿದ ಶ್ವಾಸಾಂಗವ್ಯೂಹ ಕಣ್ಣೆದುರೇ ಕೆಲಸ ಮಾಡುವುದನ್ನು ಕಂಡಂತೆಯೂ ಆಗುತ್ತದೆ.

ತಂದೆ ತಾಯಂದಿರು ನೆನಪಿಡಬೇಕಾದವು ಕೆಲವೇ. ಮಗು ಎದೆಹಾಲನ್ನೋ ನೀರನ್ನೋ ಕುಡಿಯಲಾಗದಿದ್ದರೆ, ಕುಡಿದದ್ದನ್ನೆಲ್ಲ ಕಕ್ಕಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಪಕ್ಕೆ ಒಳಗೆ ಸೆಳೆದರೆ ಯಾವ ಯಂತ್ರಕ್ಕೂ ಕಾಯದೆ ಆಸ್ಪತ್ರೆಗೆ ಹೊರಡಬೇಕು. ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ 2021ರಿಂದ ದೇಶದೆಲ್ಲೆಡೆ ಉಚಿತ ಲಸಿಕಾ ಕಾರ್ಯಕ್ರಮದಲ್ಲಿದೆ. ಆರನೆಯ ವಾರ, ಹದಿನಾಲ್ಕನೆಯ ವಾರ ಮತ್ತು ಒಂಬತ್ತನೆಯ ತಿಂಗಳಿನ ಆ ಮೂರು ಚುಚ್ಚುಮದ್ದನ್ನು ತಪ್ಪಿಸಬಾರದು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಡಬೇಕು. ಒಲೆಯ ಹೊಗೆ ಮಗುವಿನ ಕೋಣೆಗೆ ಬಾರದಂತೆ ನೋಡಿಕೊಳ್ಳಬೇಕು.

ಬಾಗಿಲಲ್ಲಿ ಗುಲಾಬಿ ಸೀರೆಯವಳು ನಿಂತು ‘ಮಗು ಅಳಿಸಬೇಡಿ, ಒಂದು ನಿಮಿಷ ಸುಮ್ಮನಿರಿ’ ಎಂದಾಗ ಮನೆಯವರು ಮಾಡಬೇಕಾದದ್ದು ಇಷ್ಟೇ: ಟಿ.ವಿ. ಆರಿಸಿ, ಮಾತು ನಿಲ್ಲಿಸಿ, ಅವಳಿಗೆ ಆ ಒಂದು ನಿಮಿಷ ಕೊಡುವುದು.